ಕಲ್ಲು ಕೆತ್ತದ ಮೇಸನ್‌ಗಳು

ರೈತನಾಗಿದ್ದ ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ ಕಲ್ಲುಕುಟಿಗರ ಲಾಡ್ಜ್ ಸೇರಿದ್ದು ಹೇಗೆಂದು ಕೇಳಿದ್ದೀರಿ. (ನಮ್ಮ ಬಸ್ ನಿಲ್ದಾಣದ ಎದುರಿನ ಲಾಡ್ಜ್ ಅಲ್ಲ, ಮೇಸನ್‌ಗಳ, ಅಂದರೆ ಕಲ್ಲುಕುಟಿಗರ, ಕೂಟ!) ಮೊದಲು ಅದು ಕಸುಬಿನವರದೇ. ಸ್ಕಾಟ್ಲೆಂಡ್ ರಾಜನ ಕಟ್ಟಡಗಳ ಮೇಲ್ವಿಚಾರಕ ವಿಲಿಯಂ ಶಾ 1598ರಲ್ಲಿ ಹೊರಡಿಸಿದ ನಿಯಮಗಳನ್ನು ನೋಡಿ: ಶಿಷ್ಯನು ಗುರುವಿನ ಬಳಿ ಕನಿಷ್ಠ 7 ವರ್ಷ ದುಡಿಯಬೇಕು, ಒಪ್ಪಿಗೆಯಿಲ್ಲದೆ ಒಬ್ಬ ಗುರು ಜೀವಮಾನದಲ್ಲಿ ಮೂವರಿಗಿಂತ ಹೆಚ್ಚು ಶಿಷ್ಯರನ್ನು ಇಟ್ಟುಕೊಳ್ಳುವಂತಿಲ್ಲ. ಮೇಸನ್ ಕೂಟಗಳೆಂದರೆ ನೆನಪಾಗುವ ರಹಸ್ಯಕ್ಕಿಂತ ಆಗ ಹೊಟ್ಟೆಪಾಡೇ ಮುಖ್ಯವಾಗಿತ್ತು ಎಂದು ನನಗನಿಸುತ್ತದೆ.

ಆದರೆ 1634ರಲ್ಲೇ ಎಡಿನ್‌ಬರೋ ಲಾಡ್ಜ್ ಉಳಿ ಹಿಡಿಯದ ಶ್ರೀಮಂತರನ್ನು ಸೇರಿಸಿಕೊಂಡಿತು. ಮುಂದಿನ ಶತಮಾನದಲ್ಲಿ ಸಣ್ಣ ಊರುಗಳಲ್ಲೂ ಬೇರೆ ಬೇರೆ ಕಸುಬಿನವರು ಬಂದರು. ಹಾಗಾಗಿ 1781ರ ಜುಲೈ 4ರಂದು ಸ್ಕಾಟ್ಲೆಂಡಿನ ಟಾರ್ಬೋಲ್ಟನ್ ಎಂಬ ಹಳ್ಳಿಯಲ್ಲಿ ದೀಕ್ಷೆ ಪಡೆದು ಲಾಡ್ಜ್ ಸೇರಿದ 22ರ ಬರ್ನ್ಸ್ ವಿಚಿತ್ರ ಸದಸ್ಯನೇನಲ್ಲ. 1784ರಲ್ಲಿ ಅವನು ಅಲ್ಲಿನ ಸೇಂಟ್ ಜೇಮ್ಸ್ ಲಾಡ್ಜಿನ ಉಪಮುಖ್ಯಸ್ಥನೂ ಆದ.