ಆ ನೀಲಿ ಗುರಾಣಿ ಯಾರದು?

ಪ್ರಶ್ನೆ: ನನ್ನ ಅಳಿಯ ಇಂಗ್ಲೆಂಡಿನವರು. ಅಲ್ಲಿನ ಅಂಗಡಿಗಳಲ್ಲಿ ಕುಲನಾಮ ಹೇಳಿದರೆ ಸಾಕು, ಆ ಹೆಸರಿನ ಗುರಾಣಿಯಾಕಾರದ ಲಾಂಛನವನ್ನು ಹಲಗೆಯ ಮೇಲೆ ಮುದ್ರಿಸಿ ಕೊಡುತ್ತಾರಂತೆ. ಮಗಳು ಒಂದನ್ನು ಕೊಂಡು ಕಳುಹಿಸಿದ್ದಾಳೆ. ನಮ್ಮ ಮುಂಬಯಿ ಫೋರ್ಟ್‌ನ ಸೇಂಟ್ ಥಾಮಸ್ ಕೆಥೆಡ್ರಲ್‌ನ ಸ್ಮಾರಕ ಫಲಕಗಳಲ್ಲೂ ಇಂಥ ಗುರಾಣಿಗಳನ್ನು ನೋಡಿದ್ದೇನೆ. ಒಂದು ಹೆಸರಿಗೆ ಒಂದು ಲಾಂಛನ ಎಂಬುದು ನಿಜವೇ?
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ನಿಜವಲ್ಲ. ಇಂಗ್ಲೆಂಡಿನ ಪದ್ಧತಿಯಲ್ಲಿ ಲಾಂಛನ ಸೇರುವುದು ಹೆಸರಿಗಲ್ಲ, ಒಬ್ಬ ವ್ಯಕ್ತಿಗೆ. ಅವನಿಂದ ಅವನ ಸಂತತಿಗೆ. ಶೆಟ್ಟಿ ಎಂಬ ಹೆಸರಿನವರೆಲ್ಲ ಒಂದೇ ಮನೆಯ ಆಸ್ತಿಗೆ ಪಾಲುದಾರರಲ್ಲವಷ್ಟೆ, ಹಾಗೆ. ಒಂದೇ ಮನೆಯೊಳಗೂ ಅಪ್ಪ ಬದುಕಿರುವಾಗ ಹಿರಿಯ ಮಗ ಅದೇ ಗುರಾಣಿಯನ್ನು ಹಾಗೆಯೇ ಹಿಡಿಯುವಂತಿರಲಿಲ್ಲ. ಮೇಲ್ಭಾಗದಲ್ಲಿ ಹಲ್ಲುಗಳಿರುವ ಒಂದು ಅಡ್ಡಪಟ್ಟಿಯನ್ನು ಸೇರಿಸಿಕೊಳ್ಳುತ್ತಿದ್ದ.

ಈ ಹಕ್ಕಿಗಾಗಿ ನಡೆದ ಒಂದು ವ್ಯಾಜ್ಯ ನನಗೆ ಬಹಳ ಪ್ರಿಯವಾದದ್ದು. 1385ರಲ್ಲಿ ಎರಡನೆಯ ರಿಚರ್ಡ್ ದೊರೆ ಸ್ಕಾಟ್ಲೆಂಡಿನ ಮೇಲೆ ದಂಡೆತ್ತಿ ಹೋದಾಗ ರಿಚರ್ಡ್ ಸ್ಕ್ರೂಪ್ ಎಂಬ ಸರದಾರ, ಚೆಷೈರಿನ ರಾಬರ್ಟ್ ಗ್ರೋವ್‌ನರ್‌ನ ಬಳಿ ತನ್ನದೇ ಗುರುತನ್ನು ಕಂಡ: ನೀಲಿ ನೆಲ, ಅದರ ಮೇಲೆ ಚಿನ್ನದ ಬಣ್ಣದ ಓರೆಪಟ್ಟಿ. ದೂರು ಇಂಥ ಲಾಂಛನದ ವ್ಯಾಜ್ಯಗಳನ್ನು ತೀರ್ಮಾನಿಸುವ ಸೇನಾ ಗೌರವದ ನ್ಯಾಯಾಲಯಕ್ಕೆ ಹೋಯಿತು. ನೂರಾರು ಜನ ಸಾಕ್ಷಿ ನುಡಿದರು. ಕವಿ ಜೆಫ್ರಿ ಚಾಸರ್ ಕೂಡ 1386ರಲ್ಲಿ ಬಂದು ಸ್ಕ್ರೂಪ್ ಪರ ಹೇಳಿಕೆ ಕೊಟ್ಟ. ಫ್ರಾನ್ಸಿನ ಯುದ್ಧದಲ್ಲಿ ಸ್ಕ್ರೂಪರು ಈ ಗುರುತು ಧರಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಲಂಡನ್ನಿನ ಫ್ರೈಡೇ ಸ್ಟ್ರೀಟ್‌ನಲ್ಲಿ ನಡೆದು ಹೋಗುವಾಗ ಅದೇ ಚಿತ್ರ ತೂಗುಹಾಕಿದ್ದನ್ನು ನೋಡಿ, ಸ್ಕ್ರೂಪರ ಲಾಂಛನ ಹಾಕಿರುವ ಈ ಛತ್ರ ಯಾವುದೆಂದು ಕೇಳಿದನಂತೆ. ಅದು ಸ್ಕ್ರೂಪರದಲ್ಲ, ಗ್ರೋವ್‌ನರ್‌ನದು ಎಂಬ ಉತ್ತರ ಬಂತು. ಗ್ರೋವ್‌ನರ್ ಎಂಬ ಹೆಸರನ್ನೇ ತಾನು ಕೇಳಿದ್ದು ಅದೇ ಮೊದಲು ಎಂದ ಚಾಸರ್. ಕೋರ್ಟಿನ ಕಾಗದದಲ್ಲಿ ಆರು ಶತಮಾನಗಳ ಹಿಂದಿನ ಬೀದಿಮಾತು ಹೀಗೆ ಉಳಿದಿರುವುದು ನಮ್ಮ ಭಾಗ್ಯ.

1389ರ ತೀರ್ಪು ಸ್ಕ್ರೂಪ್ ಕಡೆಗಾಯಿತು. ಸುತ್ತ ಬಿಳಿ ಅಂಚು ಸೇರಿಸಿ ಹಿಡಿಯಲು ಗ್ರೋವ್‌ನರ್‌ಗೆ ಅನುಮತಿ ಸಿಕ್ಕಿತು. ಆದರೆ ಮಾರನೆಯ ವರ್ಷ ದೊರೆ ಅದನ್ನೂ ತಳ್ಳಿಹಾಕಿದ. ಅಂಚಿನಷ್ಟು ವ್ಯತ್ಯಾಸ ದಾಯಾದಿಗೆ ಸಾಕು, ಹೊರಗಿನವನಿಗೆ ಸಾಲದು ಎಂಬುದು ಅವನ ವಾದ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ನನ್ನಲ್ಲಿಲ್ಲ. ಗ್ರೋವ್‌ನರ್ ಬಳಿಕ ನೀಲಿಯ ಮೇಲೆ ಚಿನ್ನದ ಗೋಧಿಸಿವುಡನ್ನು ಆರಿಸಿಕೊಂಡ. ಅವನ ವಂಶದವರಾದ ವೆಸ್ಟ್‌ಮಿನ್‌ಸ್ಟರ್ ಡ್ಯೂಕರ ಗುರಾಣಿಯಲ್ಲಿ ಅದು ಇಂದಿಗೂ ಇದೆ.

ಮಗಳ ಉಡುಗೊರೆಯನ್ನು ಧಾರಾಳವಾಗಿ ಗೋಡೆಗೆ ಹಾಕಿ, ಅದು ಅವಳ ಪ್ರೀತಿ. ಅಳಿಯನ ಮನೆಯ ಗುರುತೆಂದು ಮಾತ್ರ ಹೇಳಬೇಡಿ. ಅವರ ತಂದೆಯ ಕಡೆಯ ಪೂರ್ವಜರಿಗೆ ಲಾಂಛನ ದೊರೆತಿತ್ತೇ ಎಂದು ತಿಳಿಯಬೇಕಾದರೆ ಲಂಡನ್ನಿನ ಕಾಲೇಜ್ ಆಫ್ ಆರ್ಮ್ಸ್‌ಗೆ ಬರೆದು ಕೇಳಲಿ. 1484ರಲ್ಲಿ ಮೂರನೆಯ ರಿಚರ್ಡ್ ಸನ್ನದು ಕೊಟ್ಟ ಸಂಸ್ಥೆ ಅದು. ಇಂದಿಗೂ ಹೊಸ ಲಾಂಛನ ನೀಡುತ್ತದೆ.

ಕೆಥೆಡ್ರಲ್‌ನ ಫಲಕಗಳು ಬಹಳ ಈಚಿನವು, ಗುರಾಣಿಯ ನಿಯಮಗಳು ಮಾತ್ರ ಹಳೆಯವು. ಬಣ್ಣವಿಲ್ಲದ ಕಲ್ಲಿನಲ್ಲಿ ಬಣ್ಣ ಸೂಚಿಸಲು 17ನೆಯ ಶತಮಾನದಲ್ಲಿ ಬಳಕೆಗೆ ಬಂದ ಒಂದು ಉಪಾಯವಿದೆ. ಚುಕ್ಕೆಗಳಿದ್ದರೆ ಚಿನ್ನ, ಅಡ್ಡಗೆರೆಗಳಿದ್ದರೆ ನೀಲಿ, ಲಂಬಗೆರೆಗಳಿದ್ದರೆ ಕೆಂಪು, ಎರಡೂ ಸೇರಿ ಬಲೆಯಂತಿದ್ದರೆ ಕಪ್ಪು. ಮುಂದಿನ ಸಲ ಕೆಥೆಡ್ರಲ್ ಇರುವ ಹಾರ್ನಿಮನ್ ಸರ್ಕಲ್ ಕಡೆ ಹೋದಾಗ ಫಲಕಗಳ ಹತ್ತಿರ ನಿಂತು ಹುಡುಕಿ ನೋಡಿ. ಗೆರೆಯೂ ಚುಕ್ಕೆಯೂ ಇಲ್ಲದ ಗುರಾಣಿಯಲ್ಲಿ ಬಣ್ಣ ಊಹಿಸಲು ಹೋಗಬೇಡಿ. ಶಿಲ್ಪಿ ಸುಮ್ಮನೆ ಬಿಟ್ಟಿರಬಹುದು.