ಎರಡೂವರೆ ವರ್ಷದ ಮಗು ಕಟ್ಕೊಂಡು ದೀಪಾವಳಿಗೆ ಗಂಡನ ಊರಿಗೆ ಹೋಗ್ತಿದೀನಿ, ಊಟ ನಿದ್ದೆ ಎಲ್ಲಾ ಹಾಳಾಗುತ್ತೆ, ಹೇಗೆ ಸಂಭಾಳಿಸೋದು?

ನಿಮ್ ಪ್ರಶ್ನೆ ಪೂರ್ತಿ ಓದ್ದೆ. ಬೆಂಗಳೂರಲ್ಲಿ ಮೂರೇ ಜನ ಇರೋ ಫ್ಲ್ಯಾಟು, ಈಗ ಮಲೆನಾಡಲ್ಲಿ ಅತ್ತೆ ಮನೆ ತುಂಬಾ ನೆಂಟ್ರು, ಮಗು ಟೈಮಿಗೆ ಮಲಗಲ್ಲ ಟೈಮಿಗೆ ತಿನ್ನಲ್ಲ, ಏನಾದ್ರೂ ಬೇಡ ಅಂದ್ರೆ ಸೊಸೆ ಜೋರು ಅಂತಾರೆ, ಇಷ್ಟೇ ತಾನೆ? ನಮ್ಮೂರು ಸಾಗರದ ಹತ್ರ. ಮಗಳಿಗೆ ಈಗ ಐದು, ಅವಳು ಹುಟ್ಟಿದಾಗಿಂದ ದೊಡ್ಡಬ್ಬಕ್ಕೆ ಊರಿಗೆ ಹೋಗೋದು ತಪ್ಪಿಸಿಲ್ಲ (ನಮ್ ಕಡೆ ದೀಪಾವಳಿಗೆ ದೊಡ್ಡಬ್ಬ ಅಂತಾನೇ ಹೇಳೋದು, ನಿಮ್ಮ ಅತ್ತೆ ಮನೇಲೂ ಅದೇ ಅಂತಿರ್ತಾರೆ). ಆದ್ರೆ ನಾನು ಅಪ್ಪ, ಅಂದ್ರೆ ನಿಮ್ ಗಂಡನ ಜಾಗದಲ್ಲಿರೋನು, ಹಾಗಾಗಿ ಇದನ್ನ ನೀವು ಓದಿ ಆಮೇಲೆ ಫೋನ್ ಅವರ ಕೈಗೆ ಕೊಡಿ.

ಯಾಕಂದ್ರೆ ಆ ಮನೇಲಿ ಮಗು ವಿಷಯಕ್ಕೆ "ಬೇಡ" ಅನ್ನೋ ಕೆಲಸ ನಿಮ್ದಲ್ಲ, ಅವರದ್ದು. ಇದೊಂದು ಸರಿಯಾದ್ರೆ ಮುಕ್ಕಾಲು ಪಾಲು ತಲೆನೋವು ಹೋಯ್ತು ಅಂದ್ಕೊಳ್ಳಿ. "ಈಗ ಮಲಗೋ ಹೊತ್ತು, ಎಬ್ಬಿಸ್ಬೇಡಿ" ಅಂತ ನಾನು ಹೇಳಿದ್ರೆ ನಮ್ಮಮ್ಮ "ಓಹೋ ಬಂದ ದೊಡ್ಡ ಡಾಕ್ಟ್ರು, ನಿನ್ನನ್ನ ಸಾಕ್ದೋಳಿಗೆ ಗೊತ್ತಿಲ್ವಾ" ಅಂತ ಬೈದು ಎರಡು ನಿಮಿಷಕ್ಕೆ ಮರೀತಾಳೆ. ಅದೇ ಮಾತು ನನ್ನ ಹೆಂಡ್ತಿ ಬಾಯಲ್ಲಿ ಬಂದ್ರೆ ಅದು ಅಡುಗೆಮನೆಯಿಂದ ಜಗಲಿಗೆ ಹೋಗಿ, ಜಗಲಿಯಿಂದ ಚಿಕ್ಕಮ್ಮನ ಮನೆಗೆ ಹೋಗಿ, ಮುಂದಿನ ಹಬ್ಬದ ತನಕ ಬಾಳಿಕೆ ಬರುತ್ತೆ. ಗಂಡಸರು ಊರಿಗೆ ಹೋದ ತಕ್ಷಣ ಬ್ಯಾಗ್ ಇಟ್ಟು, ಲುಂಗಿ ಉಟ್ಟು, ಕವಳ (ಎಲೆ ಅಡಿಕೆ) ಹಾಕ್ಕೊಂಡು ತೋಟದ ಕಡೆ ಮಾಯ ಆಗೋ ಅಭ್ಯಾಸ ಇದೆಯಲ್ಲ, ಅದಕ್ಕೆ ಹೊರಡೋ ಮುಂಚೇನೇ ಒಂದು ಬಂದೋಬಸ್ತ್ ಮಾಡ್ಕೊಳ್ಳಿ.

ಎರಡನೇದು, ಎಲ್ಲದಕ್ಕೂ ಹಠ ಹಿಡೀಬೇಡಿ. ನಾವು ಹಿಡ್ಕೊಂಡಿದ್ದು ಮಧ್ಯಾಹ್ನದ ನಿದ್ದೆ ಒಂದನ್ನೇ. ಎರಡು ಮೂರು ವರ್ಷದ ಮಕ್ಕಳು ಮಧ್ಯಾಹ್ನ ಮಲಗಿಲ್ಲ ಅಂದ್ರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ರಂಪ ಶುರು ಮಾಡ್ತವೆ, ಆಗ ಎಲ್ರೂ ಬಂದು "ಹಸಿವಾ, ದೃಷ್ಟಿ ಆಗಿದ್ಯಾ, ಹಲ್ಲು ಬರ್ತಿದ್ಯಾ" ಅಂತ ಕೇಳೋರೇ, ನಿದ್ದೆ ಅಂತ ಒಬ್ರೂ ಅನ್ನಲ್ಲ. ಕಷ್ಟ ಆಗೋದು ಪಾಡ್ಯಮಿ ದಿನ. ಗೋಪೂಜೆ, ದೇವರ ಪೂಜೆ, ನೈವೇದ್ಯ ಎಲ್ಲಾ ಮುಗ್ದು ಎಲೆ ಹಾಕೋವಾಗ ಮಧ್ಯಾಹ್ನ ಮೂರು ಗಂಟೆ ಆದ್ರೂ ಆಯ್ತು, ಅಲ್ಲೀ ತನಕ ಮಗು ಕಾಯಲ್ಲ. ನೈವೇದ್ಯಕ್ಕೆ ಮುಂಚೆ ಮಗೂಗೆ ಊಟ ಹಾಕೋದಾ ಅಂತ ಅತ್ತೆ ಮುಖ ನೋಡ್ತಾ ನಿಲ್ಬೇಡಿ, ಆ ಮನೇಲಿರೋ ಎಲ್ಲರಿಗಿಂತ ವಯಸ್ಸಾದ ಅಜ್ಜಿ ಹತ್ರ ಹೋಗಿ ಕೇಳಿ. "ಮಕ್ಕಳಿಗೆ ಎಂಥ ದೋಷನೂ ಇಲ್ಲ, ಹಾಕು" ಅಂತ ಅವರೇ ಅಂತಾರೆ, ಅವರು ಅಂದ್ಮೇಲೆ ಯಾರೂ ಉಸಿರೆತ್ತಲ್ಲ. ನಮ್ಮನೇಲಿ ನಮ್ಮಜ್ಜಿನೇ ನಮ್ ಪಾರ್ಟಿ, ಹನ್ನೆರಡು ಗಂಟೆಗೆ ಅನ್ನ, ತಿಳಿಸಾರು, ತುಪ್ಪ ಕಲಸಿ ಅಡುಗೆಮನೆ ಮೂಲೇಲಿ ತಿನ್ಸಿ, ಉಪ್ಪರಿಗೆ ಮೇಲೆ ಕರ್ಕೊಂಡು ಹೋಗಿ ಸೊಳ್ಳೆಪರದೆ ಕಟ್ಟಿ ಮಲಗ್ಸೋದು. ಕೆಳಗೆ ಜಾಗಟೆ ಬಡಿದ್ರೂ ಎದ್ದೇಳಲ್ಲ.

ಊಟದ ವಿಷ್ಯ ಬಿಟ್ಬಿಡಿ. ಹಬ್ಬ ಮುಗಿಯೋ ತನಕ ಮಗು ಹೋಳಿಗೆ, ಬಾಳೆಹಣ್ಣು, ಮೊಸರನ್ನದಲ್ಲೇ ಬದುಕುತ್ತೆ, ಏನೂ ಆಗಲ್ಲ. ಪ್ಯಾಕೆಟ್ ಗಂಜಿ ಪುಡಿ ಎಲ್ಲಾ ಹೊತ್ಕೊಂಡು ಹೋದ್ರೆ ತಿನ್ನೋದೂ ಇಲ್ಲ, "ನಮ್ಮನೇಲಿ ಅಕ್ಕಿ ಇರ್ಲಿಲ್ವಾ" ಅನ್ನೋ ಮಾತು ಬೇರೆ. ಸಕ್ಕರೆ ಜಾಸ್ತಿ ಆಯ್ತು ಅಂತ ಲೆಕ್ಕ ಇಡಕ್ಕೆ ಹೋಗ್ಬೇಡಿ, ಆದ್ರೆ ಗಂಟ್ಲಲ್ಲಿ ಸಿಕ್ಕಾಕೊಳ್ಳೋ ಐಟಂಗಳು ಮಾತ್ರ ಖಂಡಿತ ಬೇಡ: ಇಡೀ ಕಡ್ಲೆಬೀಜ, ಗೋಡಂಬಿ, ಇಡೀ ದ್ರಾಕ್ಷಿ, ಅಡಿಕೆ ಚೂರು. ನಮ್ ಕಡೆ ಜಗಲಿ ಮೇಲೆ ಕವಳದ ತಟ್ಟೆ ಯಾವಾಗ್ಲೂ ಕೈಗೆ ಸಿಗೋ ಎತ್ತರದಲ್ಲೇ ಇರುತ್ತೆ, ಮಗು ಮೊದ್ಲು ಕೈ ಹಾಕೋದೇ ಅದಕ್ಕೆ. ಅಡಿಕೆ ಕೊಯ್ಲು ಶುರು ಆಗಿದ್ರೆ ಸುಲಿಯೋ ಕತ್ತಿಗಳೂ ಅಲ್ಲೇ ಸಾಲಾಗಿ ಇರ್ತವೆ, ಕೆಲಸ ಇಲ್ದಾಗ ಮೇಲೆ ಎತ್ತಿಡಿ ಅಂತ ಹೋದ ದಿನಾನೇ ನಿಮ್ಮವರ ಕೈಲಿ ಹೇಳ್ಸಿ.

ಅಪಾಯ ಅಂದ ತಕ್ಷಣ ಎಲ್ರಿಗೂ ಪಟಾಕಿ ನೆನಪಾಗುತ್ತೆ. ನಂಗೆ ಅದಕ್ಕಿಂತ ಹೆದರಿಕೆ ನೀರು. ಬಾವಿಕಟ್ಟೆ ಎಷ್ಟು ಎತ್ತರ ಇದೆ, ತೋಟದ ಕೆರೆ ಕಡೆ ದಣಪೆ (ಬೇಲಿ ಗೇಟು) ಹಾಕಿದ್ಯಾ, ಇದನ್ನ ನೋಡಿ. ಅದರ ಮೇಲೆ ಬಿಸಿನೀರು. ಚತುರ್ದಶಿ ಹಿಂದಿನ ಸಂಜೆ ನೀರು ತುಂಬೋ ಹಬ್ಬ, ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳ್ದು, ಬಳ್ಳಿ ಸುತ್ತಿ ಪೂಜೆ ಮಾಡ್ತಾರೆ, ಬೆಳಗಾಗೋ ಮುಂಚೆ ಒಲೆಗೆ ಬೆಂಕಿ ಹಾಕಿರ್ತಾರೆ, ಮನೆಯೋರೆಲ್ಲಾ ಒಬ್ಬರಾದ್ಮೇಲೆ ಒಬ್ಬರು ಎಣ್ಣೆ ಹಚ್ಕೊಂಡು ಮೀಯೋದು. ಆ ನೀರು ಕುದೀತಾ ಇರುತ್ತೆ, ಗೀಸರ್ ನೀರಲ್ಲ. ಬಕೆಟ್ಟಿಗೆ ಮೊದ್ಲು ತಣ್ಣೀರು ಹಾಕಿ ಆಮೇಲೆ ಬಿಸಿನೀರು ಬೆರೆಸಿ, ಮಗೂನ ಬಚ್ಚಲಿಗೆ ಕರ್ಕೊಂಡು ಬರೋದು ಅದೆಲ್ಲಾ ಆದ್ಮೇಲೆ. ಎಣ್ಣೆ ಹಚ್ಚಿದ ಕಾಲು, ಕಡಪ ಕಲ್ಲಿನ ನೆಲ, ನೀವೇ ಜಾರ್ತೀರ ಹುಷಾರು.

ಪಟಾಕಿಗೆ ಬಂದ್ರೆ, 2018ರಲ್ಲಿ ಸುಪ್ರೀಂ ಕೋರ್ಟು ದೀಪಾವಳಿಗೆ ರಾತ್ರಿ 8ರಿಂದ 10 ಅಂತ ಟೈಮು ಹಾಕಿ ಹಸಿರು ಪಟಾಕಿ ಮಾತ್ರ ಅಂತ ಹೇಳ್ತು. ಇದರಿಂದ ಜನ ಹಸಿರು ಅಂದ್ರೆ ಮಕ್ಕಳ ಕೈಗೆ ಕೊಡಬಹುದು ಅಂದ್ಕೊಂಡ್ಬಿಟ್ಟಿದಾರೆ. ಅದರಲ್ಲಿ ಹೊಗೆ ಕಮ್ಮಿ ಅಷ್ಟೇ ಕಣ್ರೀ, ಬೆಂಕಿ ಬೆಂಕೀನೇ. ಸುರ್‌ಸುರ್ ಬತ್ತಿ ಪಾಪದ್ದು ಅಂತ ಕೊಡ್ತಾರಲ್ಲ, ಅದು ಉರಿಯೋದು ಸಾವಿರ ಡಿಗ್ರಿ ಹತ್ರ, ಆರಿದ ಮೇಲೂ ಕಡ್ಡಿ ಕಾದಿರುತ್ತೆ, ಮಗು ಬರಿಗಾಲಲ್ಲಿ ತುಳಿಯೋದು ಅದನ್ನೇ. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೇಲಿ ಪ್ರತಿ ದೀಪಾವಳಿಗೆ ರಾತ್ರಿ ಹಗಲು ಡಾಕ್ಟ್ರುಗಳು ಕಾಯ್ತಾ ಇರ್ತಾರೆ, ಅಲ್ಲಿಗೆ ಬರೋರಲ್ಲಿ ಪಟಾಕಿ ಹಚ್ದೋರಷ್ಟೇ ಅಲ್ಲ, ಸುಮ್ನೆ ನೋಡ್ತಾ ನಿಂತೋರೂ ಇರ್ತಾರೆ. ನಾವು ಮಗಳನ್ನ ಎತ್ಕೊಂಡು ಜಗಲಿ ಒಳಗಿಂದ ತೋರಿಸ್ತಿದ್ವಿ, ಮೈಮೇಲೆ ಹತ್ತಿ ಬಟ್ಟೆ, ಆ ಮಿರಮಿರ ನೈಲಾನ್ ಲಂಗ ಫೋಟೋ ಆದ ತಕ್ಷಣ ಬಿಚ್ಚಿಡೋದು. ಸುಟ್ರೆ ಇಪ್ಪತ್ತು ನಿಮಿಷ ಹರಿಯೋ ತಣ್ಣೀರಲ್ಲಿ ಹಿಡೀರಿ, ಐಸು ಬೇಡ. ಪೇಸ್ಟು, ಅರಿಶಿನ, ಇಂಕು ಹಿಡ್ಕೊಂಡು ಓಡಿಬರೋ ಅತ್ತಿಗೆ ನಾದಿನಿಯರನ್ನ ಅಲ್ಲೇ ತಡೀರಿ.

ಇನ್ನೊಂದು ಹೊಸ ಕಾಟ, ಬ್ಯಾಟರಿ ಹಣತೆ. ಮಗು ಇರೋ ಮನೆ, ಎಣ್ಣೆ ದೀಪ ಡೇಂಜರ್ರು ಅಂತ ಯಾರಾದ್ರೂ ಪೇಟೆಯಿಂದ ಪ್ಲಾಸ್ಟಿಕ್ ದೀಪದ ಪ್ಯಾಕೆಟ್ ತಂದಿರ್ತಾರೆ. ಅದರ ತಳದಲ್ಲಿ ಗುಂಡಗೆ ಬಟನ್ ಸೆಲ್ಲು, ಮುಚ್ಚಳಕ್ಕೆ ಸ್ಕ್ರೂ ಇಲ್ಲ ಅಂದ್ರೆ ಉಗುರಲ್ಲೇ ತೆಗೀಬಹುದು. ಅದನ್ನ ನುಂಗಿದ್ರೆ ಅನ್ನನಾಳದಲ್ಲಿ ಸಿಕ್ಕಾಕೊಂಡು ಎರಡು ಗಂಟೆ ಒಳಗೆ ಒಳಗಿಂದ ಸುಡಕ್ಕೆ ಶುರು ಆಗುತ್ತೆ, ನಾಣ್ಯ ನುಂಗಿದ ಹಾಗಲ್ಲ. ಅನುಮಾನ ಬಂದ್ರೂ ಸಾಕು, ವಾಂತಿ ಮಾಡಿಸ್ದೆ, ಬೆಳಿಗ್ಗೆ ನೋಡಣ ಅನ್ನದೆ, ಎಕ್ಸ್‌ರೇ ಇರೋ ಆಸ್ಪತ್ರೆಗೆ ಓಡ್ಬೇಕು. ಎತ್ತರದಲ್ಲಿಟ್ಟ ಮಣ್ಣಿನ ಹಣತೆನೇ ವಾಸಿ ಅಂತ ನನ್ನ ಅಭಿಪ್ರಾಯ, ಬೆಂಕಿ ಕಣ್ಣಿಗಾದ್ರೂ ಕಾಣುತ್ತೆ.

ಚಿಕ್ಕಪ್ಪಂದಿರು ಬೈಕ್ ಟ್ಯಾಂಕ್ ಮೇಲೆ ಕೂರಿಸ್ಕೊಂಡು "ಪೇಟೆ ತನಕ ಒಂದು ರೌಂಡು" ಅಂತ ಹೊರಡ್ತಾರೆ, ಅದಕ್ಕೂ ನಿಮ್ಮವರೇ ಬೇಡ ಅನ್ಲಿ. ನಾಲ್ಕು ವರ್ಷದ ಒಳಗಿನ ಮಗೂಗೆ ಹೆಲ್ಮೆಟ್ಟು, ಬೆಲ್ಟು, 40ರ ಸ್ಪೀಡು ಅಂತ ರೂಲೇ ಇದೆ, ಹಳ್ಳೀಲಿ ಅದನ್ನ ಕೇಳೋರಿಲ್ಲ ನಿಜ, ತಲೆ ನಮ್ ಮಗೂದು.

ಇಷ್ಟೆಲ್ಲಾ ಹೆದರಿಸಿದೀನಿ, ಆದ್ರೆ ಗೋಪೂಜೆ ಮಾತ್ರ ತಪ್ಪಿಸ್ಬೇಡಿ. ಹಿಂದಿನ ದಿನಾನೇ ದನಗಳಿಗೆ ಅಡಿಕೆ, ಚೆಂಡು ಹೂವಿನ ಸರ ಪೋಣಿಸ್ತಾರೆ, ಆ ಪೋಣಿಸೋ ಗುಂಪಲ್ಲಿ ಮಗೂಗೂ ಒಂದು ಬುಟ್ಟಿ ಹೂವು ಕೊಟ್ಟು ಕೂರಿಸಿ, ಕಿತ್ತು ಎಸೀಲಿ. ಮಾರನೇ ದಿನ ದನಗಳಿಗೆ ಮೈ ತೊಳ್ದು, ಶೇಡಿ ಮಣ್ಣು ಕಲಸಿದ ನೀರಲ್ಲಿ ಲೋಟದ ಬಾಯಿ ಅದ್ದಿ ಮೈತುಂಬಾ ಗುಂಡಗೆ ಅಚ್ಚು ಒತ್ತೋದು. ನಮ್ ಮಗಳು ಮೂರರ ಹತ್ರ ಇದ್ದಾಗ ಅವಳಿಗೂ ಒಂದು ಸಣ್ಣ ಲೋಟ ಕೊಟ್ರು. ಕರೂಗೆ ಎರಡು ಅಚ್ಚು ಒತ್ತಿದ್ಲು, ಅದು ಮೈ ಕೊಡವಿದ್ದಕ್ಕೆ ಹೆದರಿ ಹಿಂದೆ ತಿರುಗಿ ಅಲ್ಲೇ ನಿಂತಿದ್ದ ಅಜ್ಜನ ಮಡಿ ಪಂಚೆ ಮೇಲೆ ಸಾಲಾಗಿ ಒತ್ತಕ್ಕೆ ಶುರು ಮಾಡಿದ್ಲು. ನಾವೆಲ್ಲಾ ಈಗ ಬೈತಾರೆ ಅಂತ ಕಾಯ್ತಿದ್ರೆ ನಮ್ಮಪ್ಪ ಸುಮ್ನೆ ತಿರುಗಿ ಈ ಕಡೆನೂ ಒತ್ತು ಅಂತ ಪಂಚೆ ಹಿಡ್ಕೊಂಡು ನಿಂತ್ರು. ನಂಗೆ ಚಿಕ್ಕೋನಿದ್ದಾಗ ಅವರ ಮಡಿ ಪಂಚೆ ಮುಟ್ಟೋ ಧೈರ್ಯಾನೇ ಇರ್ಲಿಲ್ಲ, ಅದು ಬಿಡಿ.

ನೆಂಟರ ಮಾತಿಗೆ ತಲೆ ಕೆಡಿಸ್ಕೋಬೇಡಿ. "ಸಣ್ಣ ಆಗಿದಾಳೆ", "ಇನ್ನೂ ಸರಿ ಮಾತಾಡಲ್ವಾ, ನಮ್ಮನೇದು ಒಂದೂವರೆಗೇ ಶ್ಲೋಕ ಹೇಳ್ತಿತ್ತು" ಇವೆಲ್ಲಾ ಹಬ್ಬದ ಮಾಮೂಲು ಡೈಲಾಗು, ಹೂಂ ಅಂದು ಮುಂದೆ ಹೋಗೋದು. ಆದ್ರೆ ಮಗು ಒಲ್ಲೆ ಅಂದ್ರೂ ಎಳ್ದು "ಮಾಮಂಗೆ ಮುತ್ತು ಕೊಡು" ಅನ್ನೋರು ಇರ್ತಾರೆ, ಅಲ್ಲಿ ಮಗು ಕಡೆ ನಿಲ್ಲಿ. "ನಮಸ್ಕಾರ ಮಾಡು ಪುಟ್ಟಿ" ಅಂದ್ಬಿಟ್ರೆ ಮಾಮಂಗೂ ಮರ್ಯಾದೆ ಉಳೀತು.

ಪಾಡ್ಯಮಿ ರಾತ್ರಿಯಿಂದ ಅಂಟಿಗೆ-ಪಂಟಿಗೆಯವರು ದೀಪ ಹಿಡ್ಕೊಂಡು ಹಾಡ್ತಾ ಮನೆ ಮನೆಗೆ ಬರ್ತಾರೆ, ನಿಮ್ ಕಡೆ ಇದೆಯೋ ಇಲ್ವೋ ಕೇಳ್ಕೊಳ್ಳಿ. ಅವರು ತರೋ ದೀಪಕ್ಕೆ ಎಣ್ಣೆ ಹಾಕಿ, ಅದರಿಂದ ಮನೆ ದೀಪ ಹಚ್ಕೊಂಡು, ಅಕ್ಕಿ, ಕಾಯಿ, ದುಡ್ಡು ಕೊಟ್ಟು ಕಳ್ಸೋದು. ಬರೋದು ನಡುರಾತ್ರಿ ದಾಟಿದ ಮೇಲೂ ಆಗಬಹುದು. ನಿದ್ದೆ ನಿದ್ದೆ ಅಂತ ಇಷ್ಟು ಹೊತ್ತು ಬಾಯಿ ಬಡ್ಕೊಂಡ ನಾನೇ ಹೇಳ್ತಿದೀನಿ, ಅವತ್ತು ಎಬ್ಬಿಸಿ, ಕಂಬಳಿ ಸುತ್ತಿ ಎತ್ಕೊಂಡು ಬನ್ನಿ. ಊರಲ್ಲಿ ಹಾಡೋರು ವರ್ಷ ವರ್ಷ ಕಮ್ಮಿ ಆಗ್ತಿದಾರೆ.

ಹೋಗೋದು ಹೇಗೆ ಅಂತಾನೂ ಕೇಳಿದೀರ. ಮೈಸೂರು–ತಾಳಗುಪ್ಪ ರಾತ್ರಿ ರೈಲು ಬೆಂಗಳೂರು ಮೇಲೇ ಹೋಗುತ್ತೆ, ಶಿವಮೊಗ್ಗ ಸಾಗರ ಕಡೆಯವರಿಗೆ ಮಗು ಜೊತೆ ಅದಕ್ಕಿಂತ ಆರಾಮು ಬೇರೆ ಇಲ್ಲ. ಐದು ವರ್ಷದ ಒಳಗೆ ಟಿಕೆಟ್ ಬೇಡ, ಆದ್ರೆ ಬರ್ತೂ ಸಿಗಲ್ಲ, ನಿಮ್ ಪಕ್ಕಾನೇ ಮಲಗ್ಬೇಕು, ಅದಕ್ಕೆ ಒಂದಾದ್ರೂ ಲೋಯರ್ ಬರ್ತ್ ಸಿಗೋ ಥರ ನೋಡಿ. 2024ರ ನವೆಂಬರಿಂದ ಬುಕಿಂಗ್ ಓಪನ್ ಆಗೋದು 60 ದಿನ ಮುಂಚೆ ಮಾತ್ರ, ಹಬ್ಬದ ಟೈಮಲ್ಲಿ ಓಪನ್ ಆದ ಬೆಳಿಗ್ಗೆನೇ ಖಾಲಿ. ಕಾರಲ್ಲಿ ಹೋದ್ರೆ ಮಗು ಮಡಿಲಲ್ಲಿ ಬೇಡ, ಚೈಲ್ಡ್ ಸೀಟ್ ಹಾಕಿ ಹಿಂದೆ ಕೂರಿಸಿ, ಬೆಳಿಗ್ಗೆ ನಾಲ್ಕಕ್ಕೇ ಬಿಟ್ರೆ ತಿಪಟೂರು ದಾಟೋ ತನಕ ಮಲಗಿರುತ್ತೆ. ವಾಪಸ್ ಬರೋದು ಮಾತ್ರ ಭಾನುವಾರ ಸಂಜೆ ಇಟ್ಕೋಬೇಡಿ, ತುಮಕೂರಿಂದ ಈಚೆ ಟ್ರಾಫಿಕ್ಕಲ್ಲಿ ಹಬ್ಬಕ್ಕೆ ಹೋಗಿದ್ದೇ ಬೇಡ ಅನ್ಸುತ್ತೆ. ಸೋಮವಾರ ರಜೆ ಹಾಕಕ್ಕೆ ಈಗ್ಲೇ ನಿಮ್ಮವರ ಕೈಲಿ ಆಫೀಸಿಗೆ ಮೇಲ್ ಹಾಕಿಸ್ಬಿಡಿ, ಪ್ಲೇಹೋಮಿಗೆ ಮಂಗಳವಾರದಿಂದ ಕಳ್ಸಿದ್ರೆ ಏನೂ ಗಂಟು ಹೋಗಲ್ಲ.