ಓದುಗರ ಪ್ರಶ್ನೆ: ದಿಮ್ಮಿ ಎಳೆದ ಗೇರ್ ಎಂಜಿನ್

ಪ್ರಶ್ನೆ: ಹಿಂದೆ ಅಮೆರಿಕದ ಮರದ ಕಂಪನಿಗಳು ಕಾಡಿನೊಳಗೆ ಸ್ವಂತ ರೈಲು ಓಡಿಸುತ್ತಿದ್ದವಂತೆ. ಅವು ನಮ್ಮ ಬಂಗಾರಪೇಟೆ–ಕೋಲಾರದ ಚಿಕ್ಕ ರೈಲಿನಂಥವೇ? ಚಿತ್ರವೊಂದರಲ್ಲಿ ಎಂಜಿನ್ನಿನ ಬಾಯ್ಲರು ಎಡಕ್ಕೆ ಸರಿದು ಕೂತಿತ್ತು, ಏಕೆ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಅಲ್ಲ. 1913ರಲ್ಲಿ ಶುರುವಾದ ನಿಮ್ಮೂರಿನ ರೈಲು 762 ಮಿ.ಮೀ. ಗೇಜಿನದಾಗಿತ್ತು (ಗೇಜ್ ಎಂದರೆ ಎರಡು ಹಳಿಗಳ ನಡುವಿನ ಅಂತರ), ಜನರನ್ನೂ ಸರಕನ್ನೂ ಹೊತ್ತು ಬಯಲಲ್ಲಿ ಓಡಿದ್ದು, ಬಹುಕಾಲ ಬಾಳಲೆಂದೇ ಹಾಕಿದ ಹಳಿ. ಮರದ ಕಂಪನಿಯ ಕವಲು ಹಳಿಗಳ ಲೆಕ್ಕವೇ ಬೇರೆ. ಕಾಡಿನ ಒಂದು ಪಟ್ಟಿ ಕಡಿದು ಮುಗಿದರೆ ಹಳಿ ಕಿತ್ತು ಪಕ್ಕದ ಕಣಿವೆಗೆ ಹಾಕಬೇಕು. ಹಾಗಾಗಿ ಜಲ್ಲಿ ಹೆಸರಿಗಷ್ಟೇ, ಸ್ಲೀಪರ್ ಅಲ್ಲೇ ಕಡಿದ ಒರಟು ಮರದ್ದು, ಗುಡ್ಡ ಅಗೆದು ಸಮ ಮಾಡುವ ಖರ್ಚಂತೂ ಚಿಕ್ಕ ಕಂಪನಿಗೆ ಆಗದ ಮಾತು.

ನೀವು ಕಂಡದ್ದು ಷೇ ಎಂಜಿನ್. ಮಿಷಿಗನ್ ರಾಜ್ಯದಲ್ಲಿ ಮರದ ವ್ಯಾಪಾರ ಮಾಡುತ್ತಿದ್ದ ಎಫ್ರೇಮ್ ಷೇ ಇದಕ್ಕೆ 1881ರಲ್ಲಿ ಪೇಟೆಂಟ್ ಪಡೆದ. ಅಲ್ಲಿ ದಿಮ್ಮಿ ಸಾಗುತ್ತಿದ್ದದ್ದು ಚಳಿಗಾಲದಲ್ಲಿ, ಹಿಮದ ಮೇಲೆ ಜಾರುಗಾಡಿಯಲ್ಲಿ; ಹಿಮ ಬೀಳದಿದ್ದರೆ ದಿಮ್ಮಿ ಕಾಡಲ್ಲೇ ಉಳಿಯಿತು. ಮರದ ಹಳಿ ಹಾಕಿದರೆ ಮಾಮೂಲಿ ಎಂಜಿನ್ನಿನ ಭಾರಕ್ಕೆ ಹಳಿ ಜಜ್ಜಿಹೋಗುತ್ತಿತ್ತು. ಅವನು ಬಾಯ್ಲರನ್ನು ಚಪ್ಪಟೆ ಗಾಡಿಯ ಮೇಲಿಟ್ಟು ಗೇರ್ ಜೋಡಿಸಿದ. ಓಹಿಯೋದ ಲೈಮಾ ಕಾರ್ಖಾನೆ 1945ರವರೆಗೆ ಇಂಥ 2,700ಕ್ಕೂ ಹೆಚ್ಚು ಎಂಜಿನ್ ಮಾಡಿತು.

ಸಿಲಿಂಡರುಗಳು ಬಲಗಡೆ, ನೆಟ್ಟಗೆ ನಿಂತಿರುತ್ತವೆ. ಆ ತೂಕ ಸರಿದೂಗಲು ಬಾಯ್ಲರು ಎಡಕ್ಕೆ. ಸಿಲಿಂಡರುಗಳು ತಿರುಗಿಸುವ ಉದ್ದನೆಯ ಶಾಫ್ಟು ಬಲಗಡೆಯ ಚಕ್ರಗಳ ಹೊರಮೈಗೆ ಕೂರಿಸಿದ ಬೆವೆಲ್ (ಓರೆ ಹಲ್ಲಿನ) ಗೇರುಗಳಿಗೆ ಕಚ್ಚುತ್ತದೆ. ಲಾರಿಯ ಕೆಳಗೆ ಬಗ್ಗಿ ನೋಡಿ: ಅದೇ ಕ್ರಾಸ್ ಜಾಯಿಂಟು, ತಿರುವಿನಲ್ಲಿ ಉದ್ದ ಕಿರಿದಾಗಲು ಅದೇ ಜಾರುವ ಸ್ಲೀವು. ಇಂಧನ, ನೀರು ಹೊರುವ ಟೆಂಡರಿನದೂ ಸೇರಿ ಎಲ್ಲ ಚಕ್ರಗಳೂ ಎಳೆಯುವುದರಿಂದ ಪೂರ್ತಿ ತೂಕ ಹಿಡಿತಕ್ಕೆ ಸಿಗುತ್ತದೆ. ಗೇರಿನಿಂದ ವೇಗ ತಗ್ಗಿ ಎಳೆತ ಹೆಚ್ಚುತ್ತದೆ, ಕೆರೆಮಣ್ಣು ತುಂಬಿಕೊಂಡು ಏರಿ ಹತ್ತುವ ಟ್ರ್ಯಾಕ್ಟರು ಲೋ ಗೇರಿಗೆ ಬೀಳುವ ಹಾಗೆ. ವೇಗ ಗಂಟೆಗೆ 20 ಕಿ.ಮೀ. ಆಸುಪಾಸು, ಸದ್ದು ಮಾತ್ರ 80ರದ್ದು.

ನೂರು ಅಡಿಗೆ ಆರಡಿ ಏರಿದ್ದರೆ ಟನ್ನಿಗೆ 60 ಕೆ.ಜಿ. ಎಳೆತ ಏರಿಗೇ ಹೋಗುತ್ತದೆ. ಒಳ್ಳೆಯ ಹಳಿಯ ಸಮತಟ್ಟಿನಲ್ಲಿ ನಾಲ್ಕೈದು ಕೆ.ಜಿ. ಸಾಕು. ಅಪಾಯ ಹೆಚ್ಚು ಇಳಿಜಾರಿನಲ್ಲಿ, ಏಕೆಂದರೆ ದಿಮ್ಮಿ ತುಂಬಿದ ಗಾಡಿ ಸಾಮಾನ್ಯವಾಗಿ ಇಳಿಯುವ ಕಡೆಗೇ ಬರುತ್ತದೆ. ಒದ್ದೆ ಎಲೆ ಹಳಿಗೆ ಮೆತ್ತಿದ್ದರೆ ಬ್ರೇಕ್ ಹಾಕಿದ ಚಕ್ರ ನಿಂತು ಜಾರುತ್ತದೆ. ಅದಕ್ಕೇ ಹಳಿಗೆ ಒಣಮರಳು ಸುರಿಯುವ ಡಬ್ಬ. ಆ ಮರಳೇ ಮುಚ್ಚಳವಿಲ್ಲದ ಗೇರಿಗೆ ಹೊಕ್ಕು ಹಲ್ಲು ಸವೆಸುತ್ತದೆ.

ಪ್ರಶ್ನೆ: ತುಮಕೂರಿಗೂ ನ್ಯಾರೋಗೇಜ್ ಬಂದಿತ್ತೇ?
– ಓದುಗರೊಬ್ಬರು, ಗುಬ್ಬಿ

ಉತ್ತರ: ಇಲ್ಲ. ಬೆಂಗಳೂರಿನಿಂದ 1884ರಲ್ಲಿ ಬಂದದ್ದು ಮೀಟರ್ ಗೇಜ್.

ಪ್ರಶ್ನೆ: ಹಳಿ ಕಿತ್ತ ಹಳೇ ರೈಲುದಾರಿಯ ತಿರುವು ಎಷ್ಟು ಬಿಗಿಯಿತ್ತೆಂದು ಅಳೆಯಬಹುದೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಧಾರಾಳವಾಗಿ. ರೈಲು ಓಡುವ ಮಾರ್ಗದ ಹತ್ತಿರ ಮಾತ್ರ ಬೇಡ. ದಾರಿಯ ನಡುಗೆರೆಯ ಮೇಲೆ 20 ಮೀಟರ್ ಅಂತರದಲ್ಲಿ ಎರಡು ಗೂಟ ಹೊಡೆದು ಹುರಿ ಬಿಗಿಯಿರಿ. ಹುರಿಯ ಸರಿಮಧ್ಯದಿಂದ ನಡುಗೆರೆಗೆ ಎಷ್ಟು ದೂರವೆಂದು ಅಳೆಯಿರಿ. 20ರ ವರ್ಗ 400. ಅದನ್ನು ಮೀಟರಿನಲ್ಲಿ ಬರೆದ ಈ ದೂರದ ಎಂಟರಷ್ಟರಿಂದ ಭಾಗಿಸಿ. ದೂರ 50 ಸೆಂ.ಮೀ. ಇದ್ದರೆ ತ್ರಿಜ್ಯ 100 ಮೀಟರ್. ತಪ್ಪುವುದು ನಡುಗೆರೆ ಗುರುತಿಸುವಲ್ಲಿ: ಒಂದು ಬದಿಯ ಅಂಚು ಮಳೆಗೆ ಕುಸಿದಿದ್ದರೆ ನಡು ಪಕ್ಕಕ್ಕೆ ಜರುಗಿದಂತೆ ಕಾಣುತ್ತದೆ, ಐದು ಸೆಂ.ಮೀ. ಹೆಚ್ಚು ಅಳೆದರೂ 100 ಇದ್ದದ್ದು 91 ಆಗುತ್ತದೆ. ತಿರುವು ಸಡಿಲವಾಗಿದ್ದರೆ ಹುರಿ 30 ಮೀಟರಿನದಿರಲಿ, ಆಗ ಭಾಗಿಸಬೇಕಾದ್ದು 900ನ್ನು. ಮೂರ್ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ. ಗಾಳಿಯಿರುವ ಮಧ್ಯಾಹ್ನ ಹುರಿಯೇ ಬಿಲ್ಲಾಗುತ್ತದೆ, ಬೆಳಿಗ್ಗೆ ಹೋಗಿ.